ಮೂರು ದಿನ ರಜೆ, ಒಂದೇ ಬೆಟ್ಟ

ಕೇಳುಗರೇ, ನಮಸ್ಕಾರ.

ಶುಕ್ರವಾರ ಒಂದು ಸರ್ಕಾರಿ ರಜೆ ಬಿತ್ತು ಅಂದರೆ ಸಾಕು, ನನ್ನ ಫೋನು ಹೊಡ್ಕೊಳ್ಳೋಕೆ ಶುರು. "ಸರ್, ಮೂರು ದಿನ ಸಿಕ್ಕಿದೆ, ಕೊಡಗು ಪೂರ್ತಿ ನೋಡಬೇಕು, ಒಂದು ಪ್ಲಾನ್ ಹಾಕಿಕೊಡಿ." ಕೊಡಗು ಪೂರ್ತಿ! ಅಲ್ಲೇ ಹುಟ್ಟಿ ಮುದುಕರಾದವರೂ ಪೂರ್ತಿ ನೋಡಿಲ್ಲ ಸ್ವಾಮಿ.

ಜನರನ್ನು ಚಾರಣಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ನಾನು ಕೊಡುವ ಪ್ಲಾನ್ ಒಂದೇ. ಒಂದು ಊರು, ಒಂದು ಬೆಟ್ಟ, ಉಳಿಯೋಕೆ ಒಂದು ಮನೆ. ಮೊದಲ ದಿನ ಹೋಗಿ ಸೇರಿ. ಎರಡನೇ ದಿನ ಬೆಟ್ಟ ಹತ್ತಿ. ಮೂರನೇ ದಿನ ನಿಧಾನಕ್ಕೆ ತಿಂಡಿ ತಿಂದು ವಾಪಸ್ ಬನ್ನಿ. ಇಷ್ಟೇ. ಇದನ್ನು ಹೇಳಿದರೆ ಮುಖ ಸಣ್ಣಗೆ ಮಾಡ್ತಾರೆ. "ಅಷ್ಟೇನಾ ಸರ್? ಅಬ್ಬಿ ಫಾಲ್ಸ್ ಬೇಡ್ವಾ? ದುಬಾರೆ ಬೇಡ್ವಾ?" ಬೇಡ. ಈ ಸಲ ಬೇಡ.

ಕಕ್ಕಬ್ಬೆಯನ್ನೇ ತಗೊಳ್ಳಿ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಹೋಗಬಹುದು, ವಿರಾಜಪೇಟೆ ಕಡೆಯಿಂದಲೂ ಹೋಗಬಹುದು. ಊರಿನ ನೆತ್ತಿ ಮೇಲೇ ತಡಿಯಂಡಮೋಳ್. ಎತ್ತರ 1,748 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಬುಡದಲ್ಲಿ ನಾಲ್ಕುನಾಡು ಅರಮನೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡಿದ್ದೂ ಇಲ್ಲಿಗೇ. ಅರಮನೆ ಅಂದರೆ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. ಹೆಂಚಿನ ದೊಡ್ಡ ಮನೆ. ಒಳಗೆ ಮರದ ಕಂಬಗಳು, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಹತ್ತು ನಿಮಿಷ ನೋಡಿ ಎದ್ದು ಬರುವವರೇ ಜಾಸ್ತಿ. ಒಂದು ಗಂಟೆ ಕೂತು ನೋಡಿ.

ಅರಮನೆ ಹತ್ತಿರದಿಂದ ಬೆಟ್ಟ ಹತ್ತಿ ಇಳಿಯಲು ಆರಾಮಾಗಿ ಆರೇಳು ಗಂಟೆ ಬೇಕು. ಮೊದಲು ಜೀಪ್ ದಾರಿ. ಆಮೇಲೆ ಹುಲ್ಲುಗಾವಲು. ಕೊನೆಗೆ ತುದಿಯ ಕೆಳಗೆ ಒಂದು ತುಂಡು ಶೋಲಾ, ಅಂದರೆ ಹುಲ್ಲುಗಾವಲಿನ ನಡುವೆ ಬೆಳೆಯುವ ದಟ್ಟ ಕಾಡು, ಅಲ್ಲಿ ಏರು ಜೋರು. ಬೇರು ಹಿಡಿದುಕೊಂಡು ಹತ್ತಬೇಕು. ಕಷ್ಟದ ಚಾರಣ ಅಲ್ಲ ಇದು. ಗಡಿಬಿಡಿ ಮಾಡಿದರೆ ಮಾತ್ರ ಕಷ್ಟ.

ಗಡಿಬಿಡಿ ಅಂದೆನಲ್ಲ, ಒಂದು ವಿಷಯ ಹೇಳಲೇಬೇಕು. ಒಮ್ಮೆ ಅಕ್ಟೋಬರ್ ರಜೆಗೆ ಬೆಂಗಳೂರಿನ ಒಂದು ಆಫೀಸಿನ ಹುಡುಗರು ಬಂದಿದ್ದರು. ಟೆಂಪೋ ಟ್ರಾವೆಲರ್ ತುಂಬ ಜನ. ಅವರ ಲೀಡರ್ ಕೈಯಲ್ಲಿ ಒಂದು ಪ್ರಿಂಟೌಟ್. ಬೆಳಿಗ್ಗೆ ಎಂಟಕ್ಕೆ ತಡಿಯಂಡಮೋಳ್. ಒಂದಕ್ಕೆ ಊಟ. ಎರಡೂವರೆಗೆ ಚೇಲಾವರ ಜಲಪಾತ. ಸಂಜೆ ಐದೂವರೆಗೆ ಮಡಿಕೇರಿ ರಾಜಾಸೀಟ್, ಸೂರ್ಯಾಸ್ತ. ನಾವು ಉಳಿದಿದ್ದ ಮನೆಯ ಅಮ್ಮ ಆ ಚೀಟಿ ಇಸ್ಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ ಒಂದೇ ಮಾತು ಕೇಳಿದರು. "ಊಟ ಮಾಡೋಕೆ ಒಂದೂವರೆ ಗಂಟೆ ಇಟ್ಟಿದ್ದೀರಿ. ಅದರಲ್ಲೇ ಬಸ್ಸೂ ಹತ್ತಬೇಕಾ?"

ಹುಡುಗರು ನಕ್ಕರು. ಹೊರಟೆವು. ಹತ್ತುವಾಗಲೂ ಲೀಡರ್ ಕಣ್ಣು ವಾಚಿನ ಮೇಲೆ. ಹುಲ್ಲುಗಾವಲು ಮುಟ್ಟುವ ಹೊತ್ತಿಗೆ ಮಂಜು ಕವಿಯಿತು. ಎದುರಿಗಿದ್ದವನ ಬ್ಯಾಗು ಕಾಣುತ್ತಿತ್ತು, ಅವನು ಕಾಣುತ್ತಿರಲಿಲ್ಲ. ನಾನು ಕೂರಿ ಅಂದೆ. ಮಂಜು ಬಂದರೆ ಕೂರಬೇಕು, ಅಷ್ಟೇ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಅದಾಗಿಯೇ ಹೋಗುತ್ತದೆ. ನಮ್ಮ ಲೀಡರ್‌ಗೆ ಕೂರೋಕಾಗಲಿಲ್ಲ. "ಸರ್, ಚೇಲಾವರ ಮಿಸ್ ಆಗುತ್ತೆ" ಅಂತ ಎದ್ದ. ನಾನು ಬ್ಯಾಡಪ್ಪಾ ಅನ್ನುವಷ್ಟರಲ್ಲಿ ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಓಡಿದ. ಜಾರಿದ. ಕಾಲು ಉಳುಕಿತು.

ಆಮೇಲೆ ಇಳಿದಿದ್ದು ಹೇಗೆ ಅಂತೀರಿ? ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು, ಒಂಟಿ ಕಾಲಲ್ಲಿ. ಮನೆ ಸೇರುವಾಗ ನಾಲ್ಕು ದಾಟಿತ್ತು. ಅಮ್ಮ ಏನೂ ಬೈಯಲಿಲ್ಲ. ಕಾಲಿಗೆ ತಣ್ಣೀರು ಬಟ್ಟೆ ಕಟ್ಟಿ, ದಿಂಬಿನ ಮೇಲೆ ಇಡಿಸಿದರು. ಮಧ್ಯಾಹ್ನದ ಕಡಂಬುಟ್ಟನ್ನು ಮತ್ತೆ ಹಬೆಗಿಟ್ಟರು. ಅಕ್ಕಿ ತರಿಯನ್ನು ನೀರಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುತ್ತಾರೆ. ಮುರಿದರೆ ಒಳಗೆ ತರಿ ತರಿ. ಜೊತೆಗೆ ಪಂದಿ ಕರಿ, ಅಂದರೆ ಹಂದಿ ಮಾಂಸದ್ದು. ಮಾಂಸ ತಿನ್ನದವರಿಗೆ ಕುಂಬಳಕಾಯಿ ಕರಿ. ಸೂರ್ಯಾಸ್ತ ನೋಡಬೇಕಾದವರು ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ಎರಡನೇ ಸಲ ನಿಂತಿದ್ದರು.

ಮರುದಿನ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅಲ್ಲೇ ಉಳಿದರು. ಏಲಕ್ಕಿ ಕೊಯ್ಲಿನ ಸಮಯ. ಒಲೆ ಮನೆಯಲ್ಲಿ ಹಸಿರು ಏಲಕ್ಕಿ ಒಣಗುತ್ತಿತ್ತು, ಮನೆ ತುಂಬ ಅದರದೇ ವಾಸನೆ. ಅಮ್ಮ ಒಂದು ಹಳೇ ಬಾಟಲಿ ತೆಗೆದು ಕಾಚಂಪುಳಿ ತೋರಿಸಿದರು. ಮಳೆಗಾಲದಲ್ಲಿ ಉದುರುವ ಹುಳಿ ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗುವ ತನಕ ಕುದಿಸಿ ಇಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಒಬ್ಬ ಹುಡುಗ ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಮುಖ ಹುಣಸೆಹಣ್ಣು ಕಚ್ಚಿದ ಮಗುವಿನ ಹಾಗಾಯಿತು. ಪಂದಿ ಕರಿ ಕಪ್ಪಾಗುವುದು ಹುರಿದ ಮಸಾಲೆಯ ಜೊತೆ ಈ ಹುಳಿಯಿಂದ. ಕೊನೆಯಲ್ಲಿ ಸ್ವಲ್ಪವೇ ಹಾಕಬೇಕು. ಇದೆಲ್ಲ ಅವರಿಗೆ ಗೊತ್ತಾಗಿದ್ದು ಒಬ್ಬನ ಕಾಲು ಉಳುಕಿದ್ದರಿಂದ. ನಿಮಗೆ ಕಾಲು ಉಳುಕುವುದು ಬೇಡ. ಸುಮ್ನೆ ಒಂದು ದಿನ ಜಾಸ್ತಿ ಇರಿ.

ಊಟದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ಕೊಡಗಿನ ಈ ಅಕ್ಕಿ ತಿಂಡಿಗಳು ಯಾವುದೂ ಹತ್ತು ನಿಮಿಷದಲ್ಲಿ ಆಗುವುದಿಲ್ಲ. ಬೈಂಬಳೆ, ಅಂದರೆ ಎಳೆ ಬಿದಿರು, ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಬೇಕು. ಇಲ್ಲದಿದ್ದರೆ ಅದರ ವಿಷ ಹೋಗುವುದಿಲ್ಲ. ನೀವು ದಾರಿಯಲ್ಲಿ ಕಾರಿಂದ ಫೋನ್ ಮಾಡಿ "ಅರ್ಧ ಗಂಟೆಯಲ್ಲಿ ಬರ್ತೀವಿ, ಬೈಂಬಳೆ ಕರಿ ಮಾಡಿ" ಅಂದರೆ ಯಾರು ಮಾಡ್ತಾರೆ? ಆಗ ಸಿಗುವುದು ಗೋಬಿ ಮಂಚೂರಿ. ಕೊಡಗಿಗೆ ಹೋಗಿ ಗೋಬಿ ಮಂಚೂರಿ ತಿಂದು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು, ನಿಮ್ಮ ಕಾಲಿನ ವಿಚಾರ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈ ಭಾರವನ್ನು ತಡೆದು ಹಿಡಿಯಬೇಕು. ಅದಕ್ಕೇ ನೋವು ಅವತ್ತು ಕಡಿಮೆ, ಮಾರನೇ ದಿನ, ಅದರಾಚೆ ದಿನ ಜಾಸ್ತಿ. ಆ ಕಾಲು ಇಟ್ಟುಕೊಂಡು ಮತ್ತೆ ತಲಕಾವೇರಿಯ ಮೆಟ್ಟಿಲು ಹತ್ತುತ್ತೀರಾ? ಒಂದು ಬೆಟ್ಟ ಸಾಕು.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಶೂ, ಬ್ಯಾಗು ಎಲ್ಲ ಹೇಳಬೇಕಂತ ಇತ್ತು, ಬಿಡಿ. ಜಿಗಣೆ ಕಚ್ಚಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿ, ತಾನೇ ಬೀಳುತ್ತದೆ. ಬೆಟ್ಟದ ಮೇಲೆ ಟೆಂಟ್ ಹಾಕೋಕೆ ಬಿಡುವುದಿಲ್ಲ, ಕೇಳಲೂಬೇಡಿ. ನೀರಿನ ಬಾಟಲಿ ವಾಪಸ್ ತನ್ನಿ.

ಟಿಕೆಟ್ ವಿಷಯ ಮಾತ್ರ ಸರಿಯಾಗಿ ಕೇಳಿಸಿಕೊಳ್ಳಿ. 2024ರ ಜನವರಿ 26 ಶುಕ್ರವಾರ ಬಂದಿತ್ತು. ಆ ರಜೆಗೆ ಕುಮಾರ ಪರ್ವತದಲ್ಲಿ ಸಾಲುಗಟ್ಟಿ ಜನ ನಿಂತಿದ್ದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿತು. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ರಜೆಯ ದಿನಗಳು ಬೇಗ ತುಂಬುತ್ತವೆ, ಮಳೆ ಜೋರಾದರೆ ದಾರಿ ಮುಚ್ಚುವುದೂ ಉಂಟು. ಅದಕ್ಕೇ ಮೊದಲು ಬೆಟ್ಟದ ಟಿಕೆಟ್, ಆಮೇಲೆ ಮನೆ. ಮನೆಯವರಿಗೆ ಫೋನ್ ಮಾಡಿದಾಗ ಎರಡು ರಾತ್ರಿ ಅನ್ನಿ. ಒಂದು ರಾತ್ರಿ ಅಲ್ಲ, ಎರಡು. ಊಟಕ್ಕೆ ಏನು ಬೇಕು ಅನ್ನುವುದನ್ನೂ ಆಗಲೇ ಹೇಳಿಬಿಡಿ.

ನಮಸ್ಕಾರ.