ಯಾವ ಕಾಲದ ಕರಡಿ?

ಅಧ್ಯಕ್ಷರಿಗೆ, ಇತಿಹಾಸ ಮತ್ತು ಪ್ರಾಣಿಶಾಸ್ತ್ರ ವಿಭಾಗದ ಗೆಳೆಯರಿಗೆ, ದರೋಜಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಬಂದಿರುವ ಅರಣ್ಯ ವಾಚರ್‌ಗಳಿಗೆ ನಮಸ್ಕಾರ. ಮುಂದಿನ ಸಾಲಿಗೆ ಬನ್ನಿ ಅಂತ ಕರೆದೆ, ನೀವು ಹಿಂದೆಯೇ ಕೂತಿರಿ. ಇರಲಿ, ಇವತ್ತಿನ ಮಾತೆಲ್ಲ ನಿಮ್ಮದೇ, ಕಾಡಲ್ಲಿ ಕಂಡದ್ದನ್ನು ಬರೆದಿಡೋ ನಿಮ್ಮ ಡೈರಿಗಳದ್ದೇ.

ದರೋಜಿ ಬಗ್ಗೆ ಈ ಸಭೆಗೆ ಹೇಳಿಕೊಡಬೇಕಾದ್ದೇನಿಲ್ಲ. 1994ರಲ್ಲಿ ಕರಡಿಧಾಮ ಆಯ್ತು. ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರ್ತಾರೆ. ಎದುರಿನ ಟವರ್ ಮೇಲೆ ನಾವು ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟು ಕಾಯ್ತಾ ಕೂತಿರ್ತೀವಿ. ತಾಯಿ ಕರಡಿ ಮರಿಗಳನ್ನ ಬೆನ್ನ ಮೇಲೆ ಹೊತ್ತು ಇಳಿಯುತ್ತೆ. ಆ ಬೆಲ್ಲದ ಬಂಡೆ ನೆನಪಲ್ಲಿಟ್ಟುಕೊಂಡಿರಿ, ಮತ್ತೆ ಅಲ್ಲಿಗೇ ಬರ್ತೀನಿ.

ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ಅಳಿಯಂದಿರು ಯೆಲ್ಲೊಸ್ಟೋನ್ ತೋರಿಸ್ತೀನಿ ಅಂದರು. 1872ರಲ್ಲಿ ಆದದ್ದು, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಹೆಸರಾದದ್ದು. ಮನೆಯವರೆಲ್ಲ ಬಿಸಿನೀರಿನ ಬುಗ್ಗೆ ನೋಡೋಕೆ ಹೊರಟರು. ನಾನು ಉತ್ತರ ಬಾಗಿಲ ಹತ್ತಿರ, 1903ರ ಕಲ್ಲಿನ ಕಮಾನು ಇದೆಯಲ್ಲ, ಆ ಗಾರ್ಡಿನರ್ ಊರಲ್ಲೇ ಉಳಿದೆ. ಉದ್ಯಾನದ ಹಳೇ ಕಾಗದಪತ್ರಗಳಿಗೆ ಅಂತಲೇ ಅಲ್ಲೊಂದು ಕಟ್ಟಡ ಇದೆ, 2005ರಲ್ಲಿ ತೆರೆದದ್ದು. ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಂಡಿದ್ದೆ. ಚೀಲ ಹೊರಗಿಡಿಸಿದರು, ಪೆನ್ನು ಇಸಕೊಂಡರು, ಕೈಗೊಂದು ಪೆನ್ಸಿಲ್ ಕೊಟ್ಟರು. ಮೇಜಿನ ಹಿಂದೆ ಕೂತಿದ್ದ ತಾಯಿ ಏನು ಬೇಕು ಅಂತ ಕೇಳಿದರು. ಕರಡಿ ಅಂದೆ.

"ಯಾವ ಕಾಲದ ಕರಡಿ?" ಅಂದರು.

ಮೂವತ್ತು ವರ್ಷ ಪಾಠ ಹೇಳಿದ್ದೀನಿ, ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ರಾಜರಿಗೆ ಕಾಲ ಇದೆ, ಶಾಸನಕ್ಕೆ ಇದೆ, ಗುಡಿಗೆ ಇದೆ. ಕರಡಿ ಮಾತ್ರ ಯಾವತ್ತೂ ಇದ್ದದ್ದು, ಇದ್ದಹಾಗೇ ಇರೋದು ಅಂದುಕೊಂಡಿದ್ದೀವಿ.

ಡಬ್ಬ ಬಂತು. 1886ರಿಂದ 1918ರವರೆಗೆ ಆ ಕಾಡು ಕಾಯ್ತಿದ್ದದ್ದು ಅಮೆರಿಕದ ಸೈನ್ಯ. ಮರದ ದಿಮ್ಮಿ ಜೋಡಿಸಿ ಕಟ್ಟಿದ ಗುಡಿಸಲಲ್ಲಿ ನಾಲ್ಕೈದು ಸಿಪಾಯಿಗಳು, ಅವರದೊಂದು ದಿನಚರಿ ಪುಸ್ತಕ. ಕಂದಿದ ಮಸಿ, ಓರೆ ಅಕ್ಷರ, ಪುಟದ ಮೂಲೆಯಲ್ಲಿ ಯಾರದೋ ಲೋಟದ ತಳದ ಗುಂಡು ಕಲೆ. ಹಿಮ ಬಿತ್ತು, ಇಷ್ಟು ಮೈಲಿ ನಡೆದೆವು, ಇಂಥದ್ದು ಕಂಡಿತು. ಪುಟ ತಿರುಗಿಸಿದರೆ ಮತ್ತೆ ಹಿಮ, ಮತ್ತೆ ಮೈಲಿ. ಎಷ್ಟೋ ದಿನ ಏನೂ ಕಂಡೇ ಇಲ್ಲ. ಗೆಳೆಯರೇ, 'ಏನೂ ಇಲ್ಲ' ಅಂತ ಬರೆದದ್ದೂ ದಾಖಲೆ. ಒಬ್ಬ ಮನುಷ್ಯ ಚಳಿಯಲ್ಲಿ ಅಲ್ಲೀವರೆಗೆ ಹೋಗಿ, ನೋಡಿ ಬಂದಿದ್ದಕ್ಕೇ ಆ ಎರಡು ಪದ ಬಿದ್ದಿವೆ.

ಆಮೇಲೆ ಏನಾಯ್ತು ನೋಡಿ. ಅಲ್ಲೂ ಕರಡಿಗೆ ತಿನ್ನಿಸಿದರು. ಹೋಟೆಲ್ ಮುಸುರೆ ತಂದು ಸುರಿಯೋದು, ಸುತ್ತ ಬೆಂಚು ಹಾಕಿ ಜನರನ್ನ ಕೂಡಿಸೋದು. ಆ ಆಟ ನಿಂತದ್ದು 1941ರಲ್ಲಿ. ಕಸದ ಗುಂಡಿಗಳನ್ನು ಮುಚ್ಚಿ ಮುಗಿಸುವ ಹೊತ್ತಿಗೆ 1970 ಆಯ್ತು. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಜನ ಕರಡಿಯಿಂದ ಗಾಯಗೊಂಡರು. ಈ 48 ಅನ್ನೋ ಅಂಕಿ ಎಲ್ಲಿಂದ ಬಂತು? ಗಾಯ ಆದ ದಿನವೇ ಒಬ್ಬರು ಕೂತು ಬರೆದರು, ಬರೆದದ್ದನ್ನು ಇನ್ನೊಬ್ಬರು ಎಸೆಯಲಿಲ್ಲ. ಗುಂಡಿ ಒಮ್ಮೆಲೇ ಮುಚ್ಚಬೇಡಿ, ನಿಧಾನಕ್ಕೆ ಮುಚ್ಚಿ ಅಂತ 1959ರಿಂದ ಆ ಕರಡಿಗಳ ಅಧ್ಯಯನಕ್ಕೆ ಬಿದ್ದಿದ್ದ ವಿಜ್ಞಾನಿಗಳು, ಕ್ರೇಗ್‌ಹೆಡ್ ಸಹೋದರರು, ಜಗಳ ತೆಗೆದರು. ಉದ್ಯಾನದ ಇಲಾಖೆ ಕೇಳಲಿಲ್ಲ. ಕರಡಿಗಳು ಬಹಳ ಸತ್ತವು. 1975ರಲ್ಲಿ ಅಲ್ಲಿನ ಗ್ರಿಜ್ಲಿ ಕರಡಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು. ಆದರೆ ಜಗಳ ಆಡಿದ ಎರಡೂ ಕಡೆಯವರ ಕೈಯಲ್ಲೂ ಲೆಕ್ಕದ ಪುಸ್ತಕ ಇತ್ತು.

ಈಗ ನಮ್ಮ ಬೆಲ್ಲದ ಬಂಡೆಗೆ ಬನ್ನಿ. ಪಾಕ ಸವರೋದು ಸರಿಯೋ ತಪ್ಪೋ? ನಾನು ತೀರ್ಪು ಕೊಡೋನಲ್ಲ. ಯಾವ ದಿನ ಎಷ್ಟು ಬಂದವು, ಯಾವ ತಿಂಗಳು ಮೆಕ್ಕೆಜೋಳದ ಹೊಲಕ್ಕೆ ಇಳಿದವು, ಯಾವ ರೈತನಿಗೆ ಪರಚಿದವು, ಈ ಲೆಕ್ಕ ಇಲ್ಲದೆ ಯಾರೂ ತೀರ್ಪು ಕೊಡೋಕಾಗಲ್ಲ. ಲೆಕ್ಕ ಇದ್ದದ್ದು ವಾಚರ್‌ಗಳ ಜೇಬಿನ ಡೈರಿಯಲ್ಲಿ. ನಾನೊಂದು ಕಚೇರಿಗೆ ಹೋಗಿ ಹಳೇ ಡೈರಿ ಕೇಳಿದೆ. ಯಾವ ಕಚೇರಿ ಅಂತ ಬೇಡ. ಅರ್ಧ ಗೆದ್ದಲು ಹಿಡಿದಿತ್ತು, ಇನ್ನರ್ಧ ರದ್ದಿಗೆ ತೂಕಕ್ಕೆ ಹೋಗಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹೊರಗೆ ಬಂದಾಗ ಒಬ್ಬ ವಾಚರ್ ಸೈಕಲ್ ತಳ್ಕೊಂಡು ಹಿಂದೆ ಬಂದ್ರು. "ಮೇಷ್ಟ್ರೇ, ಒಂದೈತಿ ನಮ್ಮನ್ಯಾಗ. ನಮ್ಮಪ್ಪಂದು" ಅಂದ್ರು. ದೇವರ ಗೂಡಿನ ಹಿಂದೆ, ಟವಲ್‌ನಲ್ಲಿ ಸುತ್ತಿಟ್ಟಿದ್ದರು. ತೆಗೆದರೆ ಕರ್ಪೂರದ ವಾಸನೆ. ಒಂದು ಪುಟದಲ್ಲಿ ಇಷ್ಟೇ: ಬಿಳಿಕಲ್ಲು. ಬೆಳಿಗ್ಗೆ. ಹೆಜ್ಜೆ ಎರಡು, ಒಂದು ಮರಿದು. ಮಳೆ ಇಲ್ಲ. ಅದರ ಕೆಳಗೆ ಮೂರು ದಿನ ಬರೀ 'ಏನೂ ಇಲ್ಲ'.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಎರಡನೇ ಮಾತು ಬೇಗ ಮುಗಿಸ್ತೀನಿ. ವಿದ್ಯಾರ್ಥಿಗಳೇ, ನಮ್ಮ ಕಾಡಿನ ಕಾಗದ ಒಂದೇ ಊರಲ್ಲಿ ಇಲ್ಲ. ಬಳ್ಳಾರಿಯನ್ನು 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ, 1953ರವರೆಗೆ ನಾವು ಮದ್ರಾಸಿನವರು. ಹಾಗಾಗಿ ಚೆನ್ನೈನ ಎಗ್ಮೋರಿನಲ್ಲಿರೋ ಸರ್ಕಾರಿ ಪತ್ರಾಗಾರಕ್ಕೆ ಹೋಗಿ. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲೇ ಇದ್ದವು, ಅಲ್ಲಿನ ಹುಡುಗರು ಹೈದರಾಬಾದಿನ ತಾರ್ನಾಕದ ಪತ್ರಾಗಾರಕ್ಕೆ. ಅಲ್ಲಿ ಉರ್ದು, ಫಾರ್ಸಿ ಬೇಕು. ರಾಯಚೂರಲ್ಲಿ ಉರ್ದು ಕಲಿಸೋರಿಗೇನು ಬರವೇ? ಫಸಲಿ ವರ್ಷ, ಅಂದರೆ ಹಳೇ ಕಂದಾಯ ಲೆಕ್ಕದ ವರ್ಷ, ಕಂಡರೆ ಹೆದರಬೇಡಿ, ಹೆಚ್ಚುಕಡಿಮೆ 590 ಕೂಡಿಸಿ, ಇಸವಿ ಸಿಗುತ್ತೆ. ಸಂಡೂರು 1949ರವರೆಗೆ ಬೇರೆಯೇ ಸಂಸ್ಥಾನ, ಅದರ ದಾರಿಯೂ ಬೇರೆ. ಎಲ್ಲಿಗೆ ಹೋದರೂ ಮೊದಲು ಆ ತಾಯಿ ಕೇಳಿದ ಪ್ರಶ್ನೆ ಕೇಳಿಕೊಳ್ಳಿ.

ಮೂರನೆಯದಕ್ಕೆ ಹೊತ್ತಿಲ್ಲ.

ಆ ಡೈರಿಯ ಯಜಮಾನರು ಹಿಂದಿನ ಸಾಲಲ್ಲೇ ಕೂತಿದ್ದಾರೆ, ಟವಲ್ ಸಮೇತ ತಂದಿದ್ದಾರೆ. ಚಹಾ ಕುಡಿದ ಮೇಲೆ ತೋರಿಸ್ತಾರೆ. ಕೈ ತೊಳೆದು ಒರೆಸಿಕೊಂಡು ಬನ್ನಿ. ಪೆನ್ನು ಜೇಬಲ್ಲೇ ಇರಲಿ, ಪೆನ್ಸಿಲ್ ನಾನು ತಂದಿದ್ದೀನಿ.