ಕತ್ತರಿಸಿದ ಬಾಲ

ಕೇಳುಗರೇ, ನಮಸ್ಕಾರ.

ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕೂತವನು ಒಂದು ಮಗುವನ್ನು ಬಾಚಿ ಎತ್ತಿಕೊಳ್ಳುತ್ತಾನೆ. ಬೈಕು ಹೊರಟೇ ಹೋಗುತ್ತದೆ. 2018ರಲ್ಲಿ ಈ ವಿಡಿಯೊ ಊರೂರು ಸುತ್ತಿತು. ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೊಂದು ಸಾಲು: ಮಕ್ಕಳ ಕಳ್ಳರು ನಮ್ಮ ಕಡೆ ಬಂದಿದ್ದಾರೆ, ಹುಷಾರು.

ಆ ಬೀದಿ ಇರುವುದು ಕರಾಚಿಯಲ್ಲಿ. ಜನರನ್ನು ಎಚ್ಚರಿಸಲು ಅಲ್ಲಿನ ಸಂಸ್ಥೆಯೊಂದು ಮಾಡಿಸಿದ ಜಾಹೀರಾತು ಅದು. ಪೂರ್ತಿ ನೋಡಿದರೆ ಬೈಕು ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಗು ಕದಿಯಲು ಒಂದು ಕ್ಷಣ ಸಾಕು ಅನ್ನುವ ಫಲಕ ತೋರಿಸುತ್ತಾರೆ. ಯಾರೋ ಆ ಬಾಲ ಕತ್ತರಿಸಿದರು. ಹೊಸದಾಗಿ ಏನನ್ನೂ ಸೇರಿಸಲಿಲ್ಲ, ನೋಡಿ. ಕಣ್ಣಾರೆ ಕಂಡದ್ದನ್ನು ಸುಳ್ಳು ಅನ್ನೋದು ಹೇಗೆ?

ಇನ್ನು ಕಳಿಸುವವರು ಯಾರು? ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು. "ನಿಜವೋ ಸುಳ್ಳೋ ಗೊತ್ತಿಲ್ಲ, ಆದ್ರೂ ಕಳಿಸ್ತಿದ್ದೀನಿ." ನಾನೂ ಹೀಗೆ ಬರೆದು ಕಳಿಸಿದ್ದುಂಟು. ಹೊಣೆ ಜಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಾತು ನನಗಂತೂ ಗೊತ್ತಿಲ್ಲ. ಅದೇ ವಿಡಿಯೊ ಮೂರು ಗ್ರೂಪಿನಿಂದ ಬಂದರೆ ಮೂವರು ಸಾಕ್ಷಿ ಹೇಳಿದ ಹಾಗೆ ಅನಿಸುತ್ತದೆ, ಅಲ್ವಾ? ಮೂಲ ಒಂದೇ ಅನ್ನೋದು ಹೊಳೆಯುವುದೇ ಇಲ್ಲ.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಸರದಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಬೇರೆ ದಿನವಾಗಿದ್ದರೆ "ತಗೋ ಪುಟ್ಟ, ಅಣ್ಣ ಕೊಡ್ತಿದ್ದಾರೆ" ಅನ್ನುತ್ತಿದ್ದರೇನೋ. ಆದರೆ ತಲೆಯಲ್ಲಿ ಆ ಬೈಕು ಕೂತಿತ್ತು. ಗದ್ದಲವಾಯಿತು. ಅವರು ಕಾರು ಹತ್ತಿ ತಪ್ಪಿಸಿಕೊಂಡು ಹೊರಟರು. ಮುರ್ಕಿ ಗ್ರಾಮಕ್ಕೆ ಕಾರಿಗಿಂತ ಮೊದಲೇ ವಾಟ್ಸಾಪ್ ತಲುಪಿತ್ತು. ದಾರಿಗೆ ಅಡ್ಡ ಹಾಕಿದರು. ಆ ಗೆಳೆಯರಲ್ಲೊಬ್ಬ ಎಂಜಿನಿಯರ್ ಜನರ ಏಟಿಗೆ ಸತ್ತ.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಮಿತಿ ಹಾಕಿತು: ಒಂದು ಸಲಕ್ಕೆ 5 ಚಾಟ್. ಈ 5ರ ಲೆಕ್ಕ ನಮಗೆ ಹಳೆಯದು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗಲೂ, ಒಟ್ಟಿಗೆ ಕಳಿಸುವ ಎಸ್‌ಎಂಎಸ್‌ಗೆ ಸರ್ಕಾರ ಮೊದಲು ಹಾಕಿದ ಮಿತಿ ಐದೇ.

ಒಂದು ವ್ಯತ್ಯಾಸವಿದೆ. ವಾಟ್ಸಾಪ್ ಲೆಕ್ಕದಲ್ಲಿ ಇಡೀ ಗ್ರೂಪ್ ಒಂದೇ ಚಾಟ್. ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು.