ವಾರ್ನಿಷ್ ಹಚ್ಚಿದ್ರೂ ಲೆದರ್ ಮೇಲಿನ ಬಣ್ಣ ಯಾಕೆ ಏಳುತ್ತೆ?

[ಸ್ಕ್ರೀನ್ ಮೇಲೆ ಫೋಟೋ: ಕಂದು ಬಣ್ಣದ ಲೆದರ್ ಬ್ಯಾಗ್. ಮುಚ್ಚಳದ ಮೇಲೆ ಹಳದಿ ಸೂರ್ಯಕಾಂತಿ. ಮಡಿಕೆ ಬರೋ ಕಡೆ ಬಣ್ಣ ಎದ್ದಿದೆ.]

ಎಲ್ಲರಿಗೂ ನಮಸ್ಕಾರ. ಈ ಫೋಟೋ ಕಳಿಸಿರೋರು ಮಂಡ್ಯದವರು. ಅವರ ಪ್ರಶ್ನೆ ಇದ್ದ ಹಾಗೇ ಓದ್ತೀನಿ: "ಅಕ್ಕಾ, ಲೆದರ್ ಬ್ಯಾಗ್ ಮೇಲೆ ಅಕ್ರಿಲಿಕ್‌ನಲ್ಲಿ ಹೂವು ಬಿಡಿಸಿದೆ. ಮೇಲೆ ವಾರ್ನಿಷ್ ಕೂಡ ಹೊಡೆದೆ. ಒಂದೇ ಮಳೆಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಯಾವ ವಾರ್ನಿಷ್ ತಗೋಬೇಕಿತ್ತು?"

ಫೋಟೋ ಸ್ವಲ್ಪ ದೊಡ್ಡದು ಮಾಡಪ್ಪಾ. ನೋಡಿ, ಚಕ್ಕೆ ಎದ್ದಿರೋ ಜಾಗದಲ್ಲಿ ಲೆದರ್ ಫಳಫಳ ಅಂತಿದೆ. ಒಂದು ಚುಕ್ಕೆ ಹಳದಿನೂ ಉಳಿದಿಲ್ಲ. ಬಣ್ಣ, ವಾರ್ನಿಷ್ ಎರಡೂ ಒಂದನ್ನೊಂದು ಬಿಡದೆ ಜೊತೆಗೇ ಎದ್ದಿವೆ. ವಾರ್ನಿಷ್ ಪಾಪ ತನ್ನ ಕೆಲಸ ಮಾಡಿದೆ. ಕೈಕೊಟ್ಟಿರೋದು ಬಣ್ಣದ ಬುಡ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಅಕ್ರಿಲಿಕ್ ಅಂದ್ರೆ ನೀರಲ್ಲಿ ತೇಲೋ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರಿದ್ಮೇಲೆ ಆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೇ ಕೂತಿರುತ್ತೆ, ಒಂದು ಅಂಚು ಸಿಕ್ಕಿದ್ರೆ ಇಡೀದೇ ಎದ್ದು ಬರುತ್ತೆ. ಇನ್ನು ಬ್ಯಾಗ್ ಅಂಗಡಿಗೆ ಬರೋ ಮುಂಚೆನೇ ಫ್ಯಾಕ್ಟರಿಯವರು ಲೆದರ್ ಮೇಲೊಂದು ಫಿನಿಶ್ ಹೊಡೆದಿರ್ತಾರೆ. ನೀರು ಇಳೀಬಾರದು, ಕಲೆ ಹಿಡೀಬಾರದು ಅಂತ. ಆ ಫಿನಿಶ್ ಲೆಕ್ಕದಲ್ಲಿ ನಿಮ್ಮ ಸೂರ್ಯಕಾಂತಿನೂ ಒಂದು ಕಲೆನೇ.

ಇಲ್ಲಿ ನಾನು ಸ್ವಲ್ಪ ದಾರಿ ಬಿಡ್ತೀನಿ. ಮೈಸೂರಲ್ಲಿ ಕೂತು ಚರ್ಮ, ಬಣ್ಣ ಅಂತ ಮಾತಾಡ್ತಾ ಬನ್ನಿಮಂಟಪದ ಕಡೆ ಹೋಗದೇ ಇರೋಕಾಗಲ್ಲ.

[ಸ್ಕ್ರೀನ್ ಮೇಲೆ: ಇಂಕ್ ಹಚ್ಚಿದ ತೋರುಬೆರಳು]

ಅಲ್ಲಿದೆ ಬಣ್ಣದ ಕಾರ್ಖಾನೆ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾಗಿದ್ದು. ಆಗ ಅದಕ್ಕೆ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತಿದ್ರು. ವೋಟ್ ಹಾಕಿದಾಗ ಬೆರಳಿಗೆ ಹಚ್ಚೋ ಇಂಕ್ 1962ರ ಲೋಕಸಭಾ ಚುನಾವಣೆಯಿಂದ ದೇಶಕ್ಕೆಲ್ಲ ಹೋಗ್ತಿರೋದು ಇಲ್ಲಿಂದಲೇ. ಈಗ ಯೋಚನೆ ಮಾಡಿ. ಅದೂ ಬಣ್ಣನೇ. ಹಚ್ಚೋದೂ ಚರ್ಮದ ಮೇಲೇ. ಬೂತಲ್ಲಿ ಯಾರಾದ್ರೂ ಅದರ ಮೇಲೊಂದು ಕೋಟ್ ವಾರ್ನಿಷ್ ಹೊಡೀತಾರಾ? ಇಲ್ಲ. ಮನೆಗೆ ಬಂದು ಸೋಪು ಹಾಕಿ ಉಜ್ಜಿ, ಪಾತ್ರೆ ತಿಕ್ಕಿ, ಬಟ್ಟೆ ಒಗೀರಿ, ಜಪ್ಪಯ್ಯ ಅನ್ನಲ್ಲ.

ಗುಟ್ಟು ಇಷ್ಟೇ. ಆ ಇಂಕಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆರಳಿನ ಮೇಲೆ ಬೆವರಿನ ಉಪ್ಪು ಇರುತ್ತಲ್ಲ, ಅದರ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತೆ. ಅದು ನೀರಲ್ಲಿ ಕರಗಲ್ಲ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತೆ. ಅಂದ್ರೆ ಆ ಬಣ್ಣ ಚರ್ಮಕ್ಕೆ ಬಂದು ಅಂಟ್ಕೊಂಡಿದ್ದಲ್ಲ, ಚರ್ಮದ ಪದರದಲ್ಲೇ ಹುಟ್ಟಿದ್ದು. ಆ ಪದರ ಸವೆದು ಹೊಸ ಚರ್ಮ ಬರಬೇಕು, ಉಗುರು ಬೆಳೆದು ಮುಂದೆ ಸರೀಬೇಕು, ಆಗಲೇ ಅದು ಹೋಗೋದು. ನಮ್ಮೂರಲ್ಲಿ ಸಿಲ್ಕ್, ಸ್ಯಾಂಡಲ್ ಸೋಪ್, ಮಲ್ಲಿಗೆ ಅಂತ ಎಲ್ಲದಕ್ಕೂ ಬೋರ್ಡ್ ಹಾಕ್ತಾರೆ. ನನ್ನ ಕೇಳಿದ್ರೆ ಈ ಇಂಕಿಗೇ ದೊಡ್ಡ ಬೋರ್ಡ್ ಹಾಕ್ಬೇಕು.

ಎಡಿಟರ್ ಕೇಳ್ತಿದ್ದಾನೆ, ಹಾಗಾದ್ರೆ ಬ್ಯಾಗಿಗೂ ಅದನ್ನೇ ಬಳಿದ್ರೆ? ಅಂಗಡೀಲಿ ಸಿಗಲ್ಲಪ್ಪಾ. ಸಿಕ್ಕಿದ್ರೂ ಒಂದೇ ಬಣ್ಣ. ಕಪ್ಪು ಸೂರ್ಯಕಾಂತಿ ಯಾರಿಗೆ ಬೇಕು?

ಸರಿ, ಒಳಗೇ ಇಳಿಯೋ ಲೆದರ್ ಡೈ ಇದೆಯಲ್ಲ, ಅದನ್ನು ಹಾಕಬಹುದಾ? ಡೈ ಏನೋ ಇಳಿಯುತ್ತೆ, ಆದ್ರೆ ಅದು ಪಾರದರ್ಶಕ. ಮಂಡ್ಯ ಜಿಲ್ಲೆಯಲ್ಲೇ ತೊಗಲುಗೊಂಬೆ ಆಡಿಸೋರಿದ್ದಾರೆ, ನೋಡಿರ್ತೀರಿ. ಅಲ್ಲಿ ಆಡಿನ ತೊಗಲನ್ನು ಬೆಳಕು ಹಾಯೋಷ್ಟು ತೆಳ್ಳಗೆ ಹೆರೆದಿರ್ತಾರೆ, ಹಿಂದಿಂದ ದೀಪ ಇರುತ್ತೆ, ಹಾಗಾಗಿ ಕೆಂಪು, ಹಸಿರು ಎಲ್ಲ ಹೊಳೆಯುತ್ತೆ. ನಿಮ್ಮ ಕಂದು ಬ್ಯಾಗಿನ ಹಿಂದೆ ದೀಪ ಇಲ್ಲ. ಅಲ್ಲಿ ಹಳದಿ ಡೈ ಹಾಕಿದ್ರೆ ಕಾಣೋದೂ ಕಂದೇ. ಗಾಢವಾದ ಲೆದರ್ ಮೇಲೆ ತಿಳಿ ಬಣ್ಣ ಬೇಕು ಅಂದ್ರೆ ಮುಚ್ಚೋ ಬಣ್ಣನೇ ಆಗಬೇಕು, ಅಂದ್ರೆ ಅಕ್ರಿಲಿಕ್. ಅದು ಮೇಲೇ ಕೂರುತ್ತೆ ಅಂತ ಗೊತ್ತಿದ್ಮೇಲೆ, ಕೂರೋ ಜಾಗ ಸರಿ ಮಾಡೋಣ.

[ಕ್ಲೋಸಪ್: ಹತ್ತಿ, ಅಸಿಟೋನ್ ಬಾಟ್ಲು, ಲೆದರ್ ತುಂಡು]

ಮೊದಲು ಒಂದು ಹನಿ ನೀರು ಹಾಕ್ತೀನಿ. ದುಂಡಗೆ ನಿಂತಿದೆ, ಇಳೀತಿಲ್ಲ. ಈಗ ಒರೆಸಿ, ಅಸಿಟೋನ್ ಅದ್ದಿದ ಹತ್ತೀಲಿ ಉಜ್ಜೋಣ. ನೋಡಿ, ಹತ್ತಿ ಕಂದಗಾಯ್ತು. ಇದು ಕೊಳೆ ಅಲ್ಲ, ಫ್ಯಾಕ್ಟರಿ ಫಿನಿಶ್. ಹತ್ತಿ ಬದಲಾಯಿಸ್ತಾ ಹೋಗಿ, ಹೊಳಪು ಸತ್ತು ಲೆದರ್ ಮಂಕಾಗೋವರೆಗೆ. ಈಗ ಮತ್ತೆ ಹನಿ. ನಿಧಾನಕ್ಕೆ ಚಪ್ಪಟೆ ಆಯ್ತು, ಸುತ್ತ ಗಾಢ ಕಲೆ ಹರಡ್ತಿದೆ. ಈ ಕಲೆ ಕಂಡ್ರೆ ಬಣ್ಣಕ್ಕೆ ಹಿಡಿತ ಸಿಗುತ್ತೆ. ನೀರು ಪೂರ್ತಿ ಆರಿದ್ಮೇಲೆ ಬ್ರಶ್ ಎತ್ಕೊಳ್ಳಿ.

ಫ್ಯಾನ್ಸಿ ಸ್ಟೋರಿನ ನೇಲ್ ಪಾಲಿಶ್ ರಿಮೂವರ್ ಬೇಡ, ಎಣ್ಣೆ, ಸೆಂಟು ಸೇರಿಸಿರ್ತಾರೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತೆ, ಕಿಟಕಿ ತೆಗೆದಿಟ್ಟು ಕೂರಿ. ಊದುಬತ್ತಿ ಊರಲ್ಲಿದ್ದೀವಿ, ಪಕ್ಕದಲ್ಲಿ ಹಚ್ಚಿಟ್ಟಿಲ್ಲ ತಾನೇ? ನೋಡ್ಕೊಳ್ಳಿ. ಇನ್ನೊಂದು ಮುಖ್ಯ: ನಿಮ್ಮ ಬ್ಯಾಗ್ ನಿಜವಾಗ್ಲೂ ಲೆದರ್ರಾ? ರೆಕ್ಸಿನ್ ಆದ್ರೆ ಅಸಿಟೋನ್ ಅದರ ಮೇಲ್ಪದರವನ್ನೇ ಕರಗಿಸಿಬಿಡುತ್ತೆ. ಒಳಗಡೆ ಕಾಣದ ಮೂಲೇಲಿ ಒಂದ್ಸಲ ಮುಟ್ಟಿಸಿ ನೋಡಿ.

ಮಂಡ್ಯದವರೇ, ನಿಮ್ಮ ಹಳೇ ಸೂರ್ಯಕಾಂತಿಯನ್ನೂ ಇದೇ ಅಸಿಟೋನ್ ಎಬ್ಬಿಸುತ್ತೆ. ಪೂರ್ತಿ ತೆಗೀರಿ. ಅರ್ಧ ಎದ್ದ ಬಣ್ಣದ ಮೇಲೆ ಹೊಸ ವಾರ್ನಿಷ್ ಬಳಿಯೋದು ಸುಮ್ನೆ ದುಡ್ಡು ದಂಡ.

ಬಣ್ಣ ತೆಳ್ಳಗೆ, ಹಲವು ಕೋಟ್. ದಪ್ಪಗೆ ಒಂದೇ ಸಲ ಬಳಿದ್ರೆ ಮಡಿಕೇಲಿ ಬಿರುಕು ಬಿಡುತ್ತೆ. ಲೆದರಿಗೆ ಅಂತಲೇ ಮಾಡಿದ ಅಕ್ರಿಲಿಕ್ ಬರುತ್ತೆ, ಏಂಜಲಸ್ ತರದ್ದು. ಅದರ ಪೊರೆ ಮೆತ್ತಗಿರುತ್ತೆ, ಬಾಗುತ್ತೆ. ಮನೇಲಿರೋ ಮಾಮೂಲಿ ಅಕ್ರಿಲಿಕ್ಕೇ ಆದ್ರೆ ಅದನ್ನ ಮೆತ್ತಗೆ ಮಾಡೋ ಫ್ಯಾಬ್ರಿಕ್ ಮೀಡಿಯಂ ಅನ್ನೋ ದ್ರವ ಬೆರೆಸಿ. ಮಾರನೇ ದಿನ ಸೆಲ್ಲೋ ಟೇಪ್ ಒತ್ತಿ ಕೀಳಿ. ಟೇಪಿಗೆ ಬಣ್ಣ ಬಂದ್ರೆ ಅಲ್ಲೇ ನಿಲ್ಸಿ, ಮುಂದಕ್ಕೆ ಹೋಗಬೇಡಿ.

ಈಗ ಮೇಲಿನ ಕೋಟ್. ಇದರ ಕೆಲಸ ಉಜ್ಜಾಟ, ಕೊಳೆ, ನೀರು ಇವನ್ನ ತಡೆಯೋದು. ಬಣ್ಣವನ್ನ ಹಿಡಿದು ಕೂರಿಸೋದು ಇದರ ಕೈಲಾಗಲ್ಲ. ಲೆದರಿನ ಅಕ್ರಿಲಿಕ್ ಫಿನಿಶರ್ ತಗೊಳ್ಳಿ. ಫೀಬಿಂಗ್ಸ್ ರೆಸೊಲೀನ್ ಸಿಕ್ಕಿದ್ರೆ ಅದರಷ್ಟೇ ನೀರು ಬೆರೆಸಿ. ಸ್ಪಂಜಲ್ಲಿ ಒಂದೇ ದಿಕ್ಕಿಗೆ ಎಳೀರಿ, ಹಿಂದೆ ಮುಂದೆ ತಿಕ್ಕಿದ್ರೆ ನೊರೆ ಬಂದು ಗುಳ್ಳೆ ಉಳಿಯುತ್ತೆ. ಹಚ್ಚುವಾಗ ಹಾಲಿನ ಬಿಳುಪು, ಆರಿದ್ಮೇಲೆ ಸ್ವಚ್ಛ.

ಮರದ ವಾರ್ನಿಷ್ ಬೇಡ, ಬಾಗಲ್ಲ. ನೇಲ್ ಪಾಲಿಶ್ ಬೇಡ, ಒಡೆಯುತ್ತೆ, ಹಳದಿ ಆಗುತ್ತೆ. ಫೆವಿಕಾಲ್‌ಗೆ ನೀರು ಬೆರೆಸಿ ಬಳಿಯೋ ರೀಲ್ ಕಳಿಸ್ತಾನೇ ಇದ್ದೀರಿ. ಬಿಳಿ ಗೋಂದು ಮಳೇಲಿ ಮತ್ತೆ ಮೆತ್ತಗಾಗುತ್ತೆ. ದಯವಿಟ್ಟು ಕಳಿಸಬೇಡಿ.

[ಎಡಿಟರ್ ಗಡಿಯಾರ ತೋರಿಸ್ತಾನೆ]

ಆಯ್ತಪ್ಪಾ. ಉಳಿದಿದ್ದು ಒಂದೇ ಉಸಿರಲ್ಲಿ. ಮೇಲಿನ ಕೋಟ್ ಹೊಳಪಿಲ್ಲದ ಮ್ಯಾಟ್ ಬೇಕಾ, ಹೊಳೆಯೋ ಗ್ಲಾಸಿ ಬೇಕಾ? ಪರ್ಸ್ ತರ ಮಡಚೋ ವಸ್ತುಗೆ ಮ್ಯಾಟ್. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತೆ, ಬೇಸಿಗೇಲಿ ಬಿಸಿಲಲ್ಲಿ ನಿಂತ ಕಾರಲ್ಲಿ ಬಿಟ್ರೆ ಬಣ್ಣದ ಎರಡು ಮೈ ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಗ್ಲಾಸಿ ಇದ್ರೆ ಇನ್ನೂ ಜಾಸ್ತಿ. ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ಒಳಗೆ ಗಟ್ಟಿಯಾಗೋಕೆ ದಿನಗಳು ಬೇಕು. ಮಳೆಗಾಲದಲ್ಲಿ ಇನ್ನೂ ತಡ. ಒಂದು ವಾರ ನೀರು ತೋರಿಸಬೇಡಿ. ವ್ಯಾಕ್ಸ್ ಹಾಕೋದಿದ್ರೆ ಎಲ್ಲಕ್ಕಿಂತ ಕೊನೇಗೆ, ಅದರ ಮೇಲೆ ಆಮೇಲೆ ಟಚಪ್ ಹಿಡಿಯಲ್ಲ. ಕೊಬ್ಬರಿ ಎಣ್ಣೆ ಬಣ್ಣದ ಮುಂಚೆ ಖಂಡಿತ ಬೇಡ.

ಸ್ಯೂಡ್, ಅಂದ್ರೆ ಮೈಮೇಲೆ ನವಿರು ನಾರಿರೋ ಲೆದರ್, ಅದರ ಚಪ್ಪಲಿ ಇಟ್ಕೊಂಡು ನೋಡ್ತಿರೋರು ಬ್ರಶ್ ಕೆಳಗಿಡಿ. ಇದ್ಯಾವುದೂ ಅದಕ್ಕೆ ಆಗಲ್ಲ, ಫಿನಿಶರ್ ಬಿದ್ರೆ ಅದರ ಮೃದು ನಾರೆಲ್ಲ ಗಟ್ಟಿಯಾಗಿ ನಿಂತ್ಕೊಳ್ಳುತ್ತೆ. ಅದಕ್ಕೆ ಬೇರೆ ವಿಡಿಯೋ ಮಾಡೋಣ.